ನಾಲ್ಕನೇ ಲಕೋಟೆ

ಬನಶಂಕರಿಗೆ ಸುಶ್ಮಿತಾಳನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆ ಅಂತ ಸುತ್ತಿ ಬಳಸಿ ಹೇಳುವುದೇನು, ಹೊಟ್ಟೆಕಿಚ್ಚು. ಅದೂ ಅಂತಿಂಥ ಹೊಟ್ಟೆಕಿಚ್ಚಲ್ಲ. ಬೆಳಿಗ್ಗೆ ಹತ್ತಕ್ಕೆ ಸೊಸೈಟಿಯ ಮೆಟ್ಟಿಲು ಹತ್ತುವಾಗ ಹೊತ್ತಿಕೊಂಡದ್ದು, ಸಂಜೆ ಮನೆ ಮುಟ್ಟಿ ಎರಡು ತಂಬಿಗೆ ನೀರು ಕುಡಿದರೂ ಆರುತ್ತಿರಲಿಲ್ಲ.

ಸೊಸೈಟಿ ಅಂದರೆ ಬೆಟಗೇರಿಯ ಒಂದು ಪತ್ತಿನ ಸೌಹಾರ್ದ ಸಹಕಾರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಒಂದೊಂದು ಶಾಖೆ. ಬನಶಂಕರಿ ಅಲ್ಲಿ ಸೇರಿ ಹತ್ತೊಂಬತ್ತು ವರ್ಷ. ಮೊದಲು ಪಿಗ್ಮಿ ಕೆಲಸ, ಅಂದರೆ ಅಂಗಡಿ ಅಂಗಡಿ ತಿರುಗಿ ದಿನದ ಉಳಿತಾಯ ಕೇಳಿ ತರುವುದು. ಚಪ್ಪಲಿ ಸವೆಸಿ, ಬಿಸಿಲು ಉಂಡು, ಒಂದೊಂದೇ ಮೆಟ್ಟಿಲು ಹತ್ತಿ ಹಣಕಾಸು ವಿಭಾಗದ ಕುರ್ಚಿಗೆ ಬಂದವಳು. "ಬನಶಂಕರಿ ಅಕ್ಕಾರ ಮಾತಾಡಿದ್ರ ಗ್ವಾಡಿನೂ ಠೇವಣಿ ಇಡತೈತಿ" ಅಂತ ಒಂದು ಕಾಲಕ್ಕೆ ಇಡೀ ಆಫೀಸು ಹೇಳುತ್ತಿತ್ತು. ಒಂದು ಕಾಲಕ್ಕೆ!

ಆಮೇಲೆ ಸುಶ್ಮಿತಾ ಬಂದಳು. ಅಡರಕಟ್ಟಿಯ ಒಕ್ಕಲುತನದ ಮನೆಯ ಹುಡುಗಿ, ಧಾರವಾಡದಲ್ಲಿ ಎಂಬಿಎ ಮಾಡಿದವಳು, ವಯಸ್ಸು ಇನ್ನೂ ಇಪ್ಪತ್ತೇಳು. ದೊಡ್ಡ ದನಿಯಲ್ಲಿ ಮೆರೆದಿದ್ದರೆ ಬನಶಂಕರಿ ಒಂದೇ ವಾರದಲ್ಲಿ ಅವಳ ಸದ್ದು ಅಡಗಿಸುತ್ತಿದ್ದಳು. ಆದರೆ ಈ ಹುಡುಗಿಗೆ ದನಿಯೇ ಇಲ್ಲ. ಮೆಲ್ಲಗೆ ಮಾತಾಡುತ್ತಾಳೆ, ನಡುವೆ ನಿಲ್ಲಿಸಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತಾಳೆ, ನೀವು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಅವಳ ಮಾತಿಗೆ ನೀವೇ ಒಪ್ಪಿಕೊಂಡಿರುತ್ತೀರಿ. ಸೊಸೈಟಿಯ ದುಡ್ಡು ಎಲ್ಲಿ ತೊಡಗಿಸಬೇಕು ಅಂತ ತಿಂಗಳಿಗೊಮ್ಮೆ ಸೇರುವ ಮೀಟಿಂಗಿನಲ್ಲಿ ಎರಡು ವರ್ಷದಲ್ಲಿ ಒಂಬತ್ತು ಸಲ ಅವಳ ಮಾತೇ ನಡೆದಿತ್ತು. ಬನಶಂಕರಿ ಎಣಿಸಿ ಇಟ್ಟಿದ್ದಳು, ಒಂಬತ್ತು.

"ಏನ್ ಛಂದ ತಿಳಿಸಿ ಹೇಳ್ತಾಳ್ರಿ!" ಅಂತ ಪ್ರತಿ ಸಲವೂ ಇಲಿಯಾಸ ಬಾಯಿ ಬಿಡುತ್ತಿದ್ದ. ಇಲಿಯಾಸ ಆ ವಿಭಾಗದ ಮೂರನೆಯವನು. ನಾಲ್ಕನೆಯವನು ಸುನಿಲಕುಮಾರ, ಅವನೂ ಬನಶಂಕರಿಯ ಹಾಗೆ ಬೆಟಗೇರಿಯ ನೇಕಾರರ ಮನೆಯವನು, ಮಾತು ಕಡಿಮೆ, ಯಾರು ಏನು ಹೇಳಿದರೂ ತಲೆಯಾಡಿಸುವ ಪ್ರಾಣಿ. ಸುಶ್ಮಿತಾ ಊರಿಂದ ಬಂದಾಗಲೆಲ್ಲ ಹುರಿದ ಶೇಂಗಾ ತಂದು ಟೇಬಲ್ ಮೇಲೆ ಇಡುತ್ತಿದ್ದಳು. ಇಬ್ಬರೂ ಮುಗಿಬೀಳುತ್ತಿದ್ದರು. ಬನಶಂಕರಿ ಮಾತ್ರ ಒಂದು ಕಾಳು ಮುಟ್ಟಿದವಳಲ್ಲ.

"ತಗೋರಿ ಅಕ್ಕಾ, ನಮ್ಮ ಹೊಲದ್ದು" ಅನ್ನುವಳು ಸುಶ್ಮಿತಾ.

"ನನಗ ಶೇಂಗಾ ಪಿತ್ತ ಆಗತೈತಿ" ಅನ್ನುವಳು ಬನಶಂಕರಿ. ಪಿತ್ತ ಆಗುತ್ತಿದ್ದದ್ದು ಶೇಂಗಾದಿಂದ ಅಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಮನೆಯಲ್ಲಿ ಗಂಡ ಬಾಬಣ್ಣನ ಮುಂದೆ ದಿನಾಲೂ ಇದೇ ಪುರಾಣ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದಿನವಿಡೀ ಮಷಿನ್ನಿನ ಸದ್ದು ಕೇಳಿ ಬಂದ ಪಾಪದವನು ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದ. ಒಂದು ದಿನ ತಡೆಯಲಾರದೆ ಅಂದ: "ನಿನ್ನ ಹೊಟ್ಟ್ಯಾಗಿನ ಬೆಂಕಿ ಮ್ಯಾಲೆ ಹಂಚು ಇಟ್ರ ತಿಂಗಳ ಸಿಲಿಂಡರ್ ಉಳೀತೈತಿ ನೋಡು." ಅಂದು ಅವನಿಗೆ ಎರಡನೇ ರೊಟ್ಟಿ ಸಿಗಲಿಲ್ಲ.

ಇಷ್ಟರ ಮೇಲೆ ಬಂತು ಚನ್ನಬಸವಣ್ಣನವರ ನಿವೃತ್ತಿ.

ಚನ್ನಬಸವಣ್ಣ ಹಣಕಾಸು ವಿಭಾಗದ ಮುಖ್ಯಸ್ಥರು. ಮುಂಡರಗಿಯ ಹಳೆಯ ವ್ಯಾಪಾರಸ್ಥರ ಮನೆತನ. ಕಾಳನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ ದರ ಹೇಳುವ ಮನುಷ್ಯ. ಮನುಷ್ಯರನ್ನೂ ಹಾಗೇ ಉಜ್ಜಿ ನೋಡುತ್ತಿದ್ದರು. ಮಾರ್ಚ್ ಕೊನೆಗೆ ಅವರ ಕುರ್ಚಿ ಖಾಲಿ. ಆ ಕುರ್ಚಿ ತನ್ನದೇ ಅಂತ ಬನಶಂಕರಿ ಐದು ವರ್ಷದಿಂದ ಮನಸ್ಸಿನಲ್ಲಿ ಟವೆಲ್ ಹಾಕಿ ಇಟ್ಟಿದ್ದಳು. ಈಗ ನೋಡಿದರೆ ಆ ಟವೆಲ್ ಮೇಲೆ ಅಡರಕಟ್ಟಿಯ ಹುಡುಗಿ ಬಂದು ಕೂರುವ ಲಕ್ಷಣ.

ಫೆಬ್ರವರಿ ಮೊದಲ ಸೋಮವಾರ ಚನ್ನಬಸವಣ್ಣ ನಾಲ್ವರನ್ನೂ ಕರೆದು ಹೇಳಿದರು: "ಈ ವರ್ಷ ಸೊಸೈಟಿ ಒಂದು ಕೋಟಿ ರೂಪಾಯಿ ತೊಡಗಿಸೂದೈತಿ. ಯಾವುದರಾಗ ತೊಡಗಿಸಬೇಕು, ನೀವ ಹೇಳಬೇಕು. ಒಬ್ಬೊಬ್ಬರು ಒಂದೊಂದು ಯೋಜನಾ ಬರೀರಿ. ಯಾರ ಯೋಜನಾ ಗೆಲ್ತೈತಿ, ನನ್ನ ಕುರ್ಚಿ ಅವರದು. ಆಡಳಿತ ಮಂಡಳಿಗೆ ಹೇಳಿ ಒಪ್ಪಿಸೇನಿ."

ಬನಶಂಕರಿ ಸುಶ್ಮಿತಾಳ ಕಡೆ ನೋಡಿದಳು. ಮಂಡನೆ ಅಂದರೆ ಮಾತು. ಮಾತು ಅಂದರೆ ಸುಶ್ಮಿತಾ.

"ಆದ್ರ ಪದ್ಧತಿ ನಿಮಗ ಗೊತ್ತೈತಿ" ಅಂದರು ಚನ್ನಬಸವಣ್ಣ.

ಗೊತ್ತಿತ್ತು. ವರ್ಷದ ದೊಡ್ಡ ಹೂಡಿಕೆಗೆ ಮಾತ್ರ ಅವರು ಬಳಸುತ್ತಿದ್ದ ಪದ್ಧತಿ ಅದು. ಬರೆದವರು ತಮ್ಮ ಯೋಜನೆಯನ್ನು ತಾವು ಮಂಡಿಸುವ ಹಾಗಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕ ನಿಮ್ಮ ಕೂಸನ್ನ ಇನ್ನೊಬ್ಬರು ಎತ್ತಿ ಆಡಿಸಬೇಕು, ಅವಾಗ ಗೊತ್ತಾಗತೈತಿ ಅದರ ಮಾರಿ" ಅನ್ನುವುದು ಅವರ ತರ್ಕ. ಬರೆದದ್ದನ್ನು ಟೈಪ್ ಮಾಡಿ, ಹೆಸರು ಹಾಕದೆ ಲಕೋಟೆಯಲ್ಲಿಟ್ಟು ಅವರ ಕೈಗೆ ಕೊಡಬೇಕು. ಅವರು ನಂಬರು ಹಾಕಿ, ತಮ್ಮದು ತಮಗೆ ಬಾರದ ಹಾಗೆ ಹಂಚುತ್ತಾರೆ. ಬಂದದ್ದನ್ನು ಒಂದು ವಾರ ಓದಿ, ತನ್ನದೇ ಅನ್ನುವ ಹಾಗೆ ನಿಂತು ಮಾತಾಡಬೇಕು. ನಿಜವಾಗಿ ಬರೆದವರು ತುಟಿ ಪಿಟಕ್ಕೆನ್ನದೆ ಕೂತು ಕೇಳಬೇಕು. ಆಮೇಲೆ ಐದೂ ಜನ ಚೀಟಿಯಲ್ಲಿ ನಂಬರು ಬರೆದು ವೋಟು ಹಾಕುವುದು. ತನ್ನದಕ್ಕೆ ತಾನು ಹಾಕಿಕೊಳ್ಳುವ ಹಾಗಿಲ್ಲ.

ಬನಶಂಕರಿಗೆ ಹಿಗ್ಗೋ ಹಿಗ್ಗು. ಸುಶ್ಮಿತಾಳ ಯೋಜನೆಯನ್ನು ಸುಶ್ಮಿತಾ ಮಾತಾಡುವುದಿಲ್ಲ! ದೇವರು ದೊಡ್ಡವನು.

ಅವಳು ಬರೆದದ್ದು ಉಗ್ರಾಣದ ಯೋಜನೆ. ಮಲ್ಲಸಮುದ್ರದ ಹತ್ತಿರ ಜಾಗ ಹಿಡಿದು ಸೊಸೈಟಿಯೇ ಉಗ್ರಾಣ ಕಟ್ಟುವುದು, ಸುತ್ತಲಿನ ರೈತರು ಶೇಂಗಾ, ಹೆಸರು, ಕಡಲೆ ಇಟ್ಟು ಬಾಡಿಗೆ ಕೊಡುವುದು, ದರ ಬಂದಾಗ ಮಾರಿಕೊಳ್ಳುವುದು. ಮೊದಲು ಬೇರೆ ಏನಾದರೂ ಬರೆಯೋಣ ಅಂತ ಇತ್ತು. ಆದರೆ ಈಗ ಎಲ್ಲರ ಬಾಯಲ್ಲೂ ರೈತ, ಬೆಳೆ, ಮಾರುಕಟ್ಟೆ. ಸುಶ್ಮಿತಾ ಗೆದ್ದದ್ದೆಲ್ಲ ಅಂಥದ್ದರಲ್ಲೇ. ಅವಳ ಹೊಲದಲ್ಲೇ ಅವಳನ್ನು ಸೋಲಿಸುವ ಹಟ ಬನಶಂಕರಿಗೆ. ನಾಲ್ಕು ದಿನ ಕೂತು, ಅಂಕಿ ಅಂಶ ಹೆಕ್ಕಿ ಹೆಕ್ಕಿ ಬರೆದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮನೆಗೆ ಬಂದರೆ ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಮಗಳ ಜೊತೆಗೇ ಇರುವ ಅವ್ವನಿಗೆ ಎಪ್ಪತ್ತರ ಹತ್ತಿರ. ಈಗಲೂ ದಿನಕ್ಕೆ ಎರಡು ತಾಸು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. "ಶೇಂಗಾ ಎಲ್ಲಿಂದ ಬಂತು?" ಅಂತ ಕೇಳಿದ್ದಕ್ಕೆ ಅವ್ವ ಏನೋ ಹೇಳಿದಳು. ಬನಶಂಕರಿಯ ಕಣ್ಣು ಮೊಬೈಲಿನಲ್ಲಿತ್ತು, ಬಾಯಿ ಹೋಳಿಗೆಯಲ್ಲಿತ್ತು, ಕಿವಿ ಎಲ್ಲಿತ್ತೋ ಗೊತ್ತಿಲ್ಲ. "ಹೂಂ, ಹೂಂ" ಅಂದಳು. ನಾಲ್ಕು ಹೋಳಿಗೆ ತಿಂದಳು, ತುಪ್ಪ ಹಾಕಿಕೊಂಡು.

ಲಕೋಟೆ ಹಂಚಿದ ದಿನ ಬನಶಂಕರಿಗೆ ಬಂದದ್ದು ನಾಲ್ಕನೇ ನಂಬರು. ಒಡೆದು ನೋಡಿದರೆ, ನೂಲಿನ ಯೋಜನೆ.

ಬೆಟಗೇರಿಯ ಕೈಮಗ್ಗದ ಮನೆಗಳಲ್ಲಿ ನೂಲು ಕೊಡುವವನೇ ಸೀರೆ ಒಯ್ಯುವವನು. ಬಣ್ಣ ಅವನು ಹೇಳಿದ್ದು, ದರ ಅವನು ಹೇಳಿದ್ದು. ಸೊಸೈಟಿ ತಾನೇ ಗಂಟುಗಟ್ಟಲೆ ನೂಲು ತಂದು ಇಟ್ಟರೆ, ನೇಕಾರರು ಬೇಕಾದಷ್ಟೇ ಕೊಂಡು, ನೇಯ್ದ ಸೀರೆಯನ್ನು ತಮಗೆ ಬೇಕಾದವರಿಗೆ ಮಾರಬಹುದು. ಇದು ಆ ಯೋಜನೆಯ ಸಾರ. ಬರೆದವರು ಮನೆ ಮನೆ ಹೊಕ್ಕು ಬಂದಿದ್ದರು ಅನ್ನುವುದು ಅಕ್ಷರ ಅಕ್ಷರದಲ್ಲಿ ಕಾಣುತ್ತಿತ್ತು.

ಮೂರನೇ ಪುಟದಲ್ಲಿ ಒಂದು ಸಾಲು ಬನಶಂಕರಿಯನ್ನು ಹಿಡಿದು ನಿಲ್ಲಿಸಿತು. 'ಮಳೆಗಾಲದಲ್ಲಿ ಹಸಿ ಹಿಡಿದ ನೂಲನ್ನು ತೂಗಿ ಕೊಟ್ಟು, ಒಣಗಿದ ಸೀರೆಯನ್ನು ತೂಗಿ ತೆಗೆದುಕೊಂಡು, ತೂಕ ಕಡಿಮೆ ಬಿತ್ತು, ನೂಲು ಕದ್ದಿದ್ದೀರಿ ಎಂದು ನೇಕಾರ ಹೆಂಗಸರ ಉಡಿ ಜಾಡಿಸಿದ್ದೂ ಉಂಟು.'

ಬನಶಂಕರಿ ಆ ಸಾಲನ್ನು ಮೂರು ಸಲ ಓದಿದಳು. ಸುನಿಲಕುಮಾರನದೇ ಇದು, ಅನುಮಾನವೇ ಇಲ್ಲ. ನೇಕಾರರ ಮನೆಯವನಲ್ಲದೆ ಇದನ್ನು ಇನ್ಯಾರು ಬರೆದಾರು? ಪಾಪ, ಅವನ ಅವ್ವನಿಗೂ ಹೀಗೇ ಆಗಿತ್ತೇನೋ. ತನ್ನ ಅವ್ವನ ಉಡಿ ಜಾಡಿಸಿದ ದಿನ ಅವಳ ಕಣ್ಣ ಮುಂದೆ ಬಂತು. ಬಂದದ್ದೇ ತಡ, ಫೈಲು ಮುಚ್ಚಿ ಬದಿಗಿಟ್ಟಳು. ಆ ನೆನಪನ್ನು ಅವಳು ಗಂಡನ ಮುಂದೆ ಸಹ ಆಡಿದವಳಲ್ಲ.

ಆಮೇಲೆ ಲೆಕ್ಕ ಹಾಕಿದಳು, ಮನಸ್ಸಿನಲ್ಲೇ. ನೂಲು ಸುನಿಲನದು. ಇಲಿಯಾಸನ ಅಣ್ಣನದು ಟ್ರ್ಯಾಕ್ಟರ್ ಗ್ಯಾರೇಜು, ಅವನು ಬರೆದರೆ ಟ್ರ್ಯಾಕ್ಟರ್ ಬಗ್ಗೆಯೇ ಬರೆದಾನು. ಉಳಿದದ್ದು ಸುಶ್ಮಿತಾಳದು. ಅದು ಏನೇ ಇರಲಿ, ಮೀಟಿಂಗಿನಲ್ಲಿ ಅದನ್ನು ಚಿಂದಿ ಚಿಂದಿ ಮಾಡುವುದು. ತನ್ನ ಕೈಗೆ ಬಂದ ನೂಲನ್ನು ಸಪ್ಪೆ ಸಪ್ಪೆಯಾಗಿ, ಉಪ್ಪಿಲ್ಲದ ಸಾರು ಬಡಿಸಿದ ಹಾಗೆ ಓದಿ ಮುಗಿಸುವುದು. ಆಗ ಗೆಲ್ಲುವುದು ಉಗ್ರಾಣ. ಕುರ್ಚಿ ತನ್ನದು. ಸುನಿಲನಿಗೆ ಅನ್ಯಾಯ ಆಗುತ್ತದೆ, ಖರೆ. ಆದರೆ ಅವನು ತಲೆಯಾಡಿಸುವವನು, ಇದಕ್ಕೂ ತಲೆಯಾಡಿಸುತ್ತಾನೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್. ಮೇಲಿನ ಮಹಡಿಯ ಕೋಣೆ, ಉದ್ದನೆಯ ಟೇಬಲ್, ಐದು ಕಪ್ ಚಹಾ.

ಮೊದಲು ಇಲಿಯಾಸ ಎದ್ದ. ಅವನಿಗೆ ಬಂದದ್ದು ಲಕ್ಷ್ಮೇಶ್ವರದಲ್ಲಿ ಉಳ್ಳಾಗಡ್ಡಿ ಒಣಗಿಸಿ ಪುಡಿ ಮಾಡುವ ಘಟಕದ ಯೋಜನೆ. ಲಕ್ಷ್ಮೇಶ್ವರ ಅಂದ ಕೂಡಲೇ ಬನಶಂಕರಿಯ ಕಿವಿ ನಿಮಿರಿದವು. ಅಡರಕಟ್ಟಿ ಇರುವುದು ಲಕ್ಷ್ಮೇಶ್ವರ ತಾಲೂಕಿನಲ್ಲಲ್ಲವೇ? ಸಿಕ್ಕಿಬಿದ್ದಳು ಕಳ್ಳಿ!

ಇಲಿಯಾಸ ಕೂರುವುದೇ ತಡ, ಬನಶಂಕರಿ ಶುರು ಹಚ್ಚಿದಳು. "ಒಂದು ವರ್ಷ ಮಳಿ ಹೆಚ್ಚಾಗಿ ಗಡ್ಡಿ ಕೊಳೆತು ಹೋದ್ರ ಯಂತ್ರಕ್ಕ ಏನ್ ಹಾಕ್ತೀರಿ, ಮಣ್ಣ? ದರ ಏರಿದ ವರ್ಷ ಹಸಿ ಗಡ್ಡಿನ ಬಂಗಾರ ಆಗಿರತೈತಿ, ಯಾರು ತಂದು ನಿಮಗ ಒಣಗಿಸಾಕ ಕೊಡ್ತಾರ? ಪುಡಿ ಯಾರು ತಗೋತಾರ, ಹೆಸರು ಹೇಳ್ರಿ. ಒಬ್ಬನ ಹೆಸರರ ಹೇಳ್ರಿ!" ಕೇಳುತ್ತಿದ್ದದ್ದು ಇಲಿಯಾಸನನ್ನು, ನೋಡುತ್ತಿದ್ದದ್ದು ಸುಶ್ಮಿತಾಳನ್ನು. ಆ ಹುಡುಗಿ ತಣ್ಣಗೆ ಏನೋ ಬರೆದುಕೊಳ್ಳುತ್ತಿದ್ದಳು. ಎಷ್ಟು ಗಟ್ಟಿ ಎದೆ! ಪಕ್ಕದಲ್ಲಿ ಸುನಿಲಕುಮಾರ ಎರಡು ಸಲ ಕೆಮ್ಮಿ ಕರ್ಚೀಫಿನಿಂದ ಮುಖ ಒರೆಸಿಕೊಂಡ. ಬನಶಂಕರಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

ಎರಡನೆಯದು ಸುನಿಲಕುಮಾರನ ಪಾಳಿ. ಹಿರೇವಡ್ಡಟ್ಟಿಯಲ್ಲಿ ಟ್ರ್ಯಾಕ್ಟರ್ ಬಾಡಿಗೆ ಕೇಂದ್ರ. ತಲೆ ತಗ್ಗಿಸಿ ಓದಿದ, ತಲೆ ತಗ್ಗಿಸಿ ಕೂತ. ಅದು ಅಲ್ಲಿಗೆ ಮುಗಿಯಿತು.

ಮೂರನೆಯದು ಸುಶ್ಮಿತಾ. ಎದ್ದು ನಿಂತು ಅಂದಳು: "ನಾ ಹೇಳೂದು ಮಲ್ಲಸಮುದ್ರದ ಉಗ್ರಾಣದ ಬಗ್ಗೆ."

ಬನಶಂಕರಿ ಕುರ್ಚಿಯ ತುದಿಗೆ ಸರಿದಳು. ಹೋಗಿ ಹೋಗಿ ಇವಳ ಕೈಗೇ! ಬೇಕಂತಲೇ ಕೆಡಿಸುತ್ತಾಳೆ, ಇನ್ನೇನು. ತಾನು ನೂಲಿಗೆ ಮಾಡಬೇಕೆಂದಿರುವುದನ್ನೇ ಇವಳು ಉಗ್ರಾಣಕ್ಕೆ ಮಾಡುತ್ತಾಳೆ.

ಸುಶ್ಮಿತಾ ಪರದೆಯ ಮೇಲಿನ ಅಂಕಿ ತೋರಿಸಲಿಲ್ಲ. ಚನ್ನಬಸವಣ್ಣನವರ ಕಡೆ ತಿರುಗಿ ಕೇಳಿದಳು: "ಸರ, ಸುಗ್ಗಿ ವಾರದಾಗ ನೀವು ಯಾವಾಗರ ಒಕ್ಕಲಿಗರ ಮನಿಗೆ ಹೋಗೀರೇನು?"

"ಹೋಗೇನಿ. ಯಾಕವಾ?"

"ಎಲ್ಲಿ ಕುಂತಿದ್ರಿ?"

ಚನ್ನಬಸವಣ್ಣ ನಕ್ಕುಬಿಟ್ಟರು. "ಶೇಂಗಾ ಚೀಲದ ಮ್ಯಾಲೆ."

"ಹೌದ್ರಿ. ನಮ್ಮ ಪಡಸಾಲ್ಯಾಗ ಕಾಲಿಡಾಕ ಜಾಗ ಇರೂದಿಲ್ಲ. ನಮ್ಮಪ್ಪ ಚೀಲದ ಮ್ಯಾಲೆನ ಮಲಗ್ತಾನ. ಇಲಿ ಕಾಯಬೇಕು, ಹುಳ ಕಾಯಬೇಕು, ಪಾವಣ್ಯಾರು ಬಂದ್ರ ಅವರ ಮುಂದ ಮಾನ ಕಾಯಬೇಕು. ಬ್ಯಾಸರಾಗಿ ಸಿಕ್ಕಷ್ಟಕ್ಕ ಮಾರಿಬಿಡ್ತಾನ. ದರ ಕಡಿಮಿ ಐತಿ ಅಂತ ಗೊತ್ತಿದ್ದೂ ಮಾರ್ತಾನ, ಮಲಗಾಕ ಜಾಗ ಬೇಕು ಅಂತ."

ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಅವಳು ಉಗ್ರಾಣವನ್ನು ಆ ಕೋಣೆಯಲ್ಲೇ ಕಟ್ಟಿ ನಿಲ್ಲಿಸಿದಳು. ಬನಶಂಕರಿ ಬರೆದದ್ದು ಒಂದನ್ನೂ ಬಿಡಲಿಲ್ಲ, ಒಂದನ್ನೂ ತಿರುಚಲಿಲ್ಲ. ಬರೆಯದ್ದನ್ನು ಮಾತ್ರ ಸೇರಿಸಿದಳು. ಚೀಲದ ಮೇಲೆ ಮಲಗುವ ಅಪ್ಪ ಬನಶಂಕರಿಯ ಎಂಟು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

"ಕ್ಯಾ ಬಾತ್ ಹೈ!" ಇಲಿಯಾಸ ಚಪ್ಪಾಳೆ ತಟ್ಟಿದ. "ಇದನ್ನ ಬರದವರು ಯಾರರ ಇರಲಿ, ನಿಮ್ಮ ಬಾಯಾಗ ಬಂಗಾರ ಆತು ನೋಡ್ರಿ ಸುಶ್ಮಿತಾ ಮೇಡಮ್."

ಬರೆದವರು ಯಾರಾದರೂ ಇರಲಿ! ಬನಶಂಕರಿಯ ಮೈಯೆಲ್ಲ ಉರಿ ಹತ್ತಿತು. ಯೋಚನೆ ನನ್ನದು, ನಾಲ್ಕು ದಿನ ಕಣ್ಣು ಕಿಸಿದು ಬರೆದವಳು ನಾನು, ಬಂಗಾರ ಅವಳ ಬಾಯಲ್ಲಿ! ತನ್ನ ಕೂಸನ್ನು ಇನ್ನೊಬ್ಬಳು ಎತ್ತಿಕೊಂಡಾಗ ಅದು ಅವಳ ಸೊಂಟದಲ್ಲೇ ಹೆಚ್ಚು ಛಂದ ಕಂಡರೆ ಹೆತ್ತವಳಿಗೆ ಹೇಗಾಗಬೇಡ? ಬುದ್ಧಿ ಇದ್ದವಳು ಖುಷಿ ಪಡುತ್ತಿದ್ದಳು. ಉಗ್ರಾಣ ಗೆದ್ದಾಗಿತ್ತು. ಇನ್ನು ಅರ್ಧ ತಾಸು ಸಪ್ಪೆಯಾಗಿ ನೂಲು ಓದಿದರೆ ಕುರ್ಚಿ ಅವಳದು. ಅದು ಅವಳಿಗೂ ತಿಳಿದಿತ್ತು, ಚೆನ್ನಾಗಿ ತಿಳಿದಿತ್ತು.

ಆಗ ಚನ್ನಬಸವಣ್ಣ ಕನ್ನಡಕ ತೆಗೆದು ಒರೆಸುತ್ತ ಅಂದರು: "ನೋಡವಾ ಬನಶಂಕರಿ, ಇಷ್ಟು ಛಂದ ಮಾತಾಡಿದ ಮ್ಯಾಲೆ ನಿನಗ ಭಾಳ ಕಷ್ಟ ಐತಿ. ಇರಲಿ, ಓದಿಬಿಡು."

ಓದಿಬಿಡು! ಗೋಡೆಯಿಂದಲೂ ಠೇವಣಿ ಇಡಿಸಿದವಳಿಗೆ 'ಓದಿಬಿಡು'!

ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದು ಅಂತ ಗಾದೆ ಇದೆಯಲ್ಲ, ಆ ಕ್ಷಣದಲ್ಲಿ ಬನಶಂಕರಿ ಕತ್ತಿ ಕೈಗೆತ್ತಿಕೊಂಡಳು. ಹೋದರೆ ಹೋಗಲಿ ಕುರ್ಚಿ. ಸುನಿಲ ಕೂರಲಿ ಅದರಲ್ಲಿ, ಪಾಪದ ಪ್ರಾಣಿ. ಆದರೆ ಮಾತಿನಲ್ಲಿ ಈ ಹುಡುಗಿ ತನಗಿಂತ ಮೇಲೆ ಅನ್ನಿಸಿಕೊಂಡು ಈ ಕೋಣೆಯಿಂದ ಹೊರಗೆ ಹೋಗಬಾರದು.

ಎದ್ದಳು. ಫೈಲು ತೆರೆಯಲಿಲ್ಲ.

"ಎಂಟು ವರ್ಷದಾಕಿ ಇದ್ದೆ ನಾ" ಅಂದಳು. "ಶ್ರಾವಣ ಮಾಸ. ಜಿಟಿಜಿಟಿ ಮಳಿ. ಅವ್ವ ಸೀರಿ ಮುಗಿಸಿ ಸಾವಕಾರನ ಮನಿಗೆ ಕೊಡಾಕ ಹೊಂಟಿದ್ಲು, ನಾ ಆಕಿ ಸೆರಗು ಹಿಡಕೊಂಡು ಹೋಗಿದ್ದೆ. ನೂಲು ಕೊಟ್ಟ ದಿನ ಮಳಿ ಇತ್ತು, ನೂಲು ಹಸಿ ಇತ್ತು, ಹಸೀದ ತೂಗಿ ಬರಕೊಂಡಿದ್ದ. ಅವ್ವ ಆ ಸೀರಿನ ಒಲಿ ಹತ್ರ ಒಣಗಿಸಿ, ಮಡಚಿ, ಎದಿಗೆ ಅವಚಿಕೊಂಡು ಒಯ್ದಿದ್ಲು, ತೊಯ್ಯಬಾರದು ಅಂತ. ಒಣಾ ಸೀರಿ ತಕ್ಕಡ್ಯಾಗ ಬಿತ್ತು. ಒಂದು ಹಿಡಿ ಕಡಿಮಿ. 'ನೂಲು ಎಲ್ಲಿಟ್ಟಿ?' ಅಂದ. ಅವ್ವ ಹೇಳಿದ್ಲು, 'ಹಸಿ ಇತ್ರಿ ಅಣ್ಣಾರ, ನೀರು ಹಾರೈತ್ರಿ.' ಅಂವ ನಗಾಕತ್ತಿದ. 'ಉಡಿ ಜಾಡಿಸು' ಅಂದ."

ಬನಶಂಕರಿ ಟೇಬಲ್ ಮೇಲಿನ ಫೈಲು ಬದಿಗೆ ಸರಿಸಿದಳು.

"ಹತ್ತು ಮಂದಿ ನಿಂತಿದ್ರು. ನಮ್ಮವ್ವ ಉಡಿ ಬಿಚ್ಚಿ ಜಾಡಿಸಿದ್ಲು. ಏನ್ ಬಿತ್ತು ಗೊತ್ತೇನ್ರಿ? ನನಗ ಅಂತ ಕಟ್ಟಿಕೊಂಡು ಬಂದಿದ್ದ ನಾಲ್ಕು ಕಾಳು ಪುಠಾಣಿ. ನೆಲದ ಮ್ಯಾಲೆ. ನಾ ಬಗ್ಗಿ ಆರಿಸಾಕ ಹೋದೆ, ಅವ್ವ ನನ್ನ ಕೈ ಹಿಡದು ಎಬ್ಬಿಸಿದ್ಲು. ಅವತ್ತಿಂದ ನಾ ಪುಠಾಣಿ ತಿಂದಿಲ್ಲ." ದನಿ ನಡುಗಿತು, ನಡುಗಲಿ ಅಂತ ಬಿಟ್ಟಳು. "ಒಂದು ಕೋಟಿ ಎಲ್ಲಿ ಹಾಕಿದ್ರ ಎಷ್ಟು ಬರತೈತಿ ಅಂತ ನೀವು ನೋಡ್ತೀರಿ. ನೋಡ್ರಿ. ನಾಲ್ಕನೇ ಲಕೋಟಿ ಲೆಕ್ಕನೂ ಚೊಕ್ಕ ಐತಿ, ನೂಲು ಕೊಳ್ಳಾಕ ಇನ್ನೂರಾ ನಲವತ್ತು ಮನಿ ತಯಾರದಾವ, ಹೆಸರು ಸಮೇತ ಬರದಾರ. ಆದ್ರ ನಾ ಕೇಳೂದು ಒಂದ. ನಮ್ಮ ಸೊಸೈಟಿ ಬಾಗಿಲಕ್ಕ ದಿನಾ ನೇಕಾರ ಹೆಣ್ಣುಮಕ್ಕಳು ಠೇವಣಿ ಇಡಾಕ ಬರ್ತಾರ. ಅವರ ದುಡ್ಡು ನಮಗ ಬೇಕು. ಅವರ ಉಡಿ ಜಾಡಿಸೂದು ನಿಲ್ಲಿಸೂದು ಯಾರಿಗೆ ಬೇಕು?"

ಕೂತಳು. ಚಪ್ಪಾಳೆ ಬೀಳಲಿಲ್ಲ. ಇಲಿಯಾಸ ಕಿಟಕಿಯ ಕಡೆ ನೋಡುತ್ತಿದ್ದ. ಸುನಿಲಕುಮಾರ ತಲೆಯಾಡಿಸುವುದನ್ನು ಸಹ ಮರೆತಿದ್ದ. ಚನ್ನಬಸವಣ್ಣ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಸುಶ್ಮಿತಾಳ ಕಣ್ಣಲ್ಲಿ ನೀರು! ಬನಶಂಕರಿ ಕಣ್ಣಾರೆ ಕಂಡಳು, ಎರಡು ವರ್ಷದ ಉರಿ ಒಂದೇ ಸಲಕ್ಕೆ ತಂಪಾಯಿತು. ಅಳು, ಇನ್ನಷ್ಟು ಅಳು, ಅಂದುಕೊಂಡಳು.

ಚೀಟಿ ಬಂತು. ತನ್ನದಕ್ಕೆ ಹಾಕುವ ಹಾಗಿಲ್ಲವಲ್ಲ, ಬನಶಂಕರಿ ನಾಲ್ಕು ಅಂತ ಬರೆದಳು. ಸುನಿಲ ಸುಖವಾಗಿರಲಿ.

ಚನ್ನಬಸವಣ್ಣ ಬಿಚ್ಚಿ ಓದಿದರು. "ನಾಲ್ಕು. ನಾಲ್ಕು. ಮೂರು. ನಾಲ್ಕು. ನನ್ನದೂ ನಾಲ್ಕು. ಒಟ್ಟು ನಾಲ್ಕನೇ ಲಕೋಟಿಗೆ ನಾಲ್ಕು, ಉಗ್ರಾಣಕ್ಕ ಒಂದು. ಬನಶಂಕರಿ, ಮೂವತ್ತೆರಡು ವರ್ಷದ ಸರ್ವಿಸ್‌ನ್ಯಾಗ ನಾ ಇಂಥ ಮಾತು ಕೇಳಿಲ್ಲವಾ. ಗೆಲ್ಲಿಸಿಬಿಟ್ಟಿ." ಜೇಬಿನಿಂದ ಒಂದು ಹಾಳೆ ತೆಗೆದರು, ಯಾವ ನಂಬರು ಯಾರದು ಅಂತ ಬರೆದಿಟ್ಟದ್ದು. "ನಾಲ್ಕನೇದು ಬರದಾಕಿ ಸುಶ್ಮಿತಾ."

ಬನಶಂಕರಿ ಸುನಿಲಕುಮಾರನನ್ನು ನೋಡಿದಳು.

"ನಂದು ಉಳ್ಳಾಗಡ್ಡಿ ರೀ ಅಕ್ಕಾರ" ಅಂದ ಸುನಿಲ, ತಪ್ಪು ಒಪ್ಪಿಕೊಳ್ಳುವವನ ಹಾಗೆ. "ನನ್ನ ಮಾವನ ಮನಿ ಲಕ್ಷ್ಮೇಶ್ವರ ಅಲ್ರಿ, ಅದಕ್ಕ."

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದರೆ ಎದ್ದು ಸೀರೆ ಕೊಡವಿಕೊಳ್ಳಬಹುದು. ಇಲ್ಲಿ ಆಡಿಕೊಳ್ಳುವವರೂ ಇರಲಿಲ್ಲ. ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಇಲಿಯಾಸ ಎದ್ದು ಬಂದು ಕೈಮುಗಿದ. ಎರಡು ವರ್ಷದಿಂದ ಯಾವ ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದಳೋ ಅದು ಬಾಯಿ ತುಂಬ ಬಂತು, ನುಂಗಲಾಗಲಿಲ್ಲ.

ಮೆಟ್ಟಿಲಿಳಿಯುವಾಗ ಸುಶ್ಮಿತಾ ಹಿಂದೆಯೇ ಓಡಿ ಬಂದಳು. "ಅಕ್ಕಾ, ನನ್ನ ವೋಟು ನಿಮ್ಮ ಉಗ್ರಾಣಕ್ಕ ಹಾಕಿದ್ದೆ. ಅದು ನಿಮ್ಮದ ಅಂತ ಓದಿದ ಕೂಡ್ಲೆ ಗೊತ್ತಾಗಿತ್ತು."

"ಹಂಗಾರ ಕೆಡಿಸಬೇಕಿತ್ತು" ಅಂದಳು ಬನಶಂಕರಿ. "ಯಾಕ ಅಷ್ಟು ಛಂದ ಮಾತಾಡಿದಿ?"

ಸುಶ್ಮಿತಾಳಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ. ಅದಕ್ಕೂ ಬನಶಂಕರಿಗೆ ಉರಿಯಿತು. "ನೂಲಿನ ವಿಚಾರ ನಿನಗ ಯಾರು ಹೇಳಿದ್ರು? ಒಕ್ಕಲಿಗರಾಕಿ ನೀ."

"ನೀವ ಅಲ್ರಿ? ಚಾ ಕುಡಿಯುವಾಗ ದಿನಾ ಬೈತಿದ್ರೆಲ್ಲ, ನೂಲು ಕೊಡಾವ್ರಿಗೆ. ಅದಕ್ಕ ಬೆಟಗೇರ್ಯಾಗ ಮನಿ ಮನಿ ತಿರುಗಿದೆ. ಮದಲ ಹೋಗಿದ್ದು ನಿಮ್ಮ ಮನಿಗೇ. ಹೆಸರು ಬಿಟ್ಟುಕೊಡಬಾರದಲ್ರಿ, ಅದಕ್ಕ ನೀವು ಇಲ್ಲದಾಗ ಹೋಗಿದ್ದೆ. ಅವ್ವಾರು ಹೇಳಿದ್ರೇನೋ ಅಂದ್ಕೊಂಡಿದ್ದೆ."

ಬನಶಂಕರಿ ಬಸ್ಸಿಗೂ ಕಾಯಲಿಲ್ಲ, ಬಿಸಿಲಿನಲ್ಲಿ ನಡೆದೇ ಮನೆ ಮುಟ್ಟಿದಳು.

ಅವ್ವ ಮಗ್ಗದಲ್ಲಿದ್ದಳು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಬನಶಂಕರಿ ಚಪ್ಪಲಿ ಸಹ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು: "ಯವ್ವಾ, ಆ ಶೇಂಗಾ ಯಾರು ಕೊಟ್ಟಿದ್ರು?"

"ಅವತ್ತ ಹೇಳಿದ್ನೆಲ್ಲ. ನಿಮ್ಮ ಆಫೀಸಿನ ಹುಡುಗಿ. ಅಡರಕಟ್ಟಿಯಾಕಿ. ನೀ ಹೂಂ ಅಂದಿ." ಅವ್ವ ಕೈ ನಿಲ್ಲಿಸಲಿಲ್ಲ. "ಮೂರು ಸಲ ಬಂದಿದ್ಲು. ಭಾಳ ಛಂದ ಕೇಳ್ತಾಳ ಆ ಹುಡುಗಿ. ನಡುವ ಬಾಯಿ ಹಾಕೂದಿಲ್ಲ."

"ಉಡಿ ಜಾಡಿಸಿದ್ದೂ ಹೇಳಿದಿ?"

ಲಾಳಿ ನಿಂತಿತು.

"ಹೇಳಿದೆ."

"ನನಗ ಎಂದೂ ಹೇಳಿಲ್ಲಲ್ಲ ನೀ. ಒಂದ ಸಲಾನೂ ಆ ಮಾತು ತಗದಿಲ್ಲ."

"ನಿನಗೇನ್ ಹೇಳೂದವಾ? ನೀ ಅಲ್ಲೇ ಇದ್ದಿ. ನನ್ನ ಸೆರಗು ಹಿಡಕೊಂಡಿದ್ದಿ." ಅವ್ವ ಮಗಳ ಮುಖ ನೋಡಿದಳು. "ಎಂದರ ಕೇಳ್ತಿ ಅಂತ ಹಾದಿ ನೋಡಿದೆ. ದೊಡ್ಡಾಕಿ ಆದಿ, ನೌಕರಿ ಹತ್ತಿತು, ಊರ ಮಂದಿಗೆಲ್ಲ ಮಾತು ಹೇಳಿದಿ. ಕೇಳಲಿಲ್ಲ. ಮರತಿ ಅಂದ್ಕೊಂಡೆ."

ಬನಶಂಕರಿಗೆ ಕುರ್ಚಿ ಹೋದದ್ದಕ್ಕೆ ಆಗದ ಹೊಟ್ಟೆಕಿಚ್ಚು ಈಗ ಆಯಿತು. ಈ ಪಡಸಾಲೆಯಲ್ಲಿ, ತನ್ನ ಅವ್ವನ ಎದುರಿಗೆ, ಮೂರು ಮಧ್ಯಾಹ್ನ ಆ ಹುಡುಗಿ ಕೂತಿದ್ದಳಲ್ಲ, ಆ ಮೂರು ಮಧ್ಯಾಹ್ನಗಳ ಮೇಲೆ ಹೊಟ್ಟೆಕಿಚ್ಚು.

"ಆಕಿ ಎಲ್ಲಿ ಕುಂತಿದ್ಲು?"

"ಅಲ್ಲೇ. ಆ ಮಣಿ ಮ್ಯಾಲೆ."

ಬನಶಂಕರಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಗ್ಗದ ಹತ್ತಿರ ಗೋಡೆಗೆ ಆನಿಸಿಟ್ಟಿದ್ದ ಕಟ್ಟಿಗೆಯ ಮಣೆ ಎಳೆದುಕೊಂಡು ಕೂತಳು. ಮೊಬೈಲ್ ತೆಗೆದು ಬ್ಯಾಗಿನೊಳಗೆ ಹಾಕಿದಳು. "ಈಗ ನನಗ ಹೇಳು. ಮದಲಿಂದ ಹೇಳು. ನಾ ಕೇಳ್ತೀನಿ."

ಅವ್ವ ಅವಳನ್ನೇ ನೋಡಿದಳು. ಸಿಟ್ಟಿರಲಿಲ್ಲ, ಸಡಗರವೂ ಇರಲಿಲ್ಲ. ದಣಿದವರು ನೋಡುವ ಹಾಗೆ ನೋಡಿದಳು.

"ಈಗೇನ್ ಹೇಳೂದು" ಅಂದಳು. "ಎಲ್ಲಾ ಆಕಿ ಮುಂದ ಹೇಳಿ ಮುಗಿಸಿದ್ನೆಲ್ಲ." ಲಾಳಿ ಎತ್ತಿಕೊಂಡು ಮತ್ತೆ ನೇಯಲು ಶುರು ಮಾಡಿದಳು.